‘ಹೀಗಾಗಿದ್ದರೆ’ ಮೇಜು

ಇವತ್ತೂ ಬಾಯಿ ತೆರೆಯದೆ ಮನೆಗೆ ಮರಳುತ್ತೇನೇನೋ ಎಂಬುದು ಹೆಸ್ಟರ್ ಪಿಮ್‌ಳ ಅಂಜಿಕೆ. ಬೆಳಗ್ಗೆ ಬಸ್ಸಿನಲ್ಲಿ ದಿನಚರಿಯಲ್ಲಿ ಅದನ್ನೇ ಬರೆದಿದ್ದಳು: ‘ಗಂಟಲು ಕೈಕೊಡುತ್ತದೆ. ಯಾವಾಗಲೂ ಕೊಡುತ್ತದೆ.’ ಈಗ ಕ್ಲೆಮೆಂಟ್ ರಡ್ಜ್ ಅವಳ ಪುಟ್ಟ ಮಾದರಿ ವಿಮಾನದ ಮೇಲೆ ಬಗ್ಗಿ ನಿಂತಿದ್ದ. ಅವನ ಉಸಿರು ರೆಕ್ಕೆಯ ಮೇಲೆ ಹಬೆಯಾಗಿ ಕೂರುತ್ತಿತ್ತು.

“ಮುಂದಿನ ಚಕ್ರ ತಪ್ಪು,” ಎಂದ ರಡ್ಜ್.

“ಕ್ಲೆಮ್, ಇದು ‘ಹೀಗಾಗಿದ್ದರೆ’ ಮೇಜು ಮಾರಾಯ,” ಚಹದ ಪಾತ್ರೆಯ ಹಿಂದಿನಿಂದ ಬೇಸಿಲ್ ಕೂಗಿದ. “ಆ ವಿಮಾನ ಹುಟ್ಟೇ ಇಲ್ಲ. ಹುಟ್ಟದ ಕೂಸಿಗೆ ಕಾಲು ಸೊಟ್ಟ ಅಂತೀಯಲ್ಲ.”

ಸುತ್ತಲಿದ್ದವರು ನಕ್ಕರು.

ಅದು ಮಾದರಿ ವಿಮಾನ ಕಟ್ಟುವವರ ಸಂಘದ ವಾರ್ಷಿಕ ಪ್ರದರ್ಶನ. ಚರ್ಚಿನ ಸಭಾಂಗಣದ ತುಂಬ ಒದ್ದೆ ಕೋಟುಗಳ, ಅಂಟಿನ ವಾಸನೆ. ಬೇರೆ ಮೇಜುಗಳ ಮೇಲೆ ನಿಜವಾಗಿ ಹಾರಿದ ವಿಮಾನಗಳು. ಇದೊಂದರ ಮೇಲೆ ಮಾತ್ರ ಎಂದೂ ತಯಾರಾಗದವು. ಪ್ರತಿಯೊಂದರ ಪಕ್ಕದಲ್ಲೂ ಒಂದು ಕಾರ್ಡು, ಕಾರ್ಡಿನಲ್ಲಿ ಆ ವಿಮಾನದ ಚರಿತ್ರೆ. ಅರ್ಧ ಅಂಕ ಮಾದರಿಗೆ, ಅರ್ಧ ಕಾರ್ಡಿಗೆ. ಚರಿತ್ರೆ ನಂಬುವ ಹಾಗಿರಬೇಕು, ನಿಜವಾಗಿರಬಾರದು. ಇಷ್ಟೇ ನಿಯಮ.

ಸಂಘದವರಿಗೆಲ್ಲ ಒಂದು ಚಟ. ತಪ್ಪು ಕಂಡರೆ ತಿದ್ದದೆ ಬಿಡಲಾರರು. ರಡ್ಜ್‌ಗೆ ಅದು ವಿಪರೀತ. ಇಪ್ಪತ್ತು ವರ್ಷ ವಾಯುಪಡೆಯಲ್ಲಿದ್ದವನು, ಈಗ ಸಂಘದ ಅಧ್ಯಕ್ಷ, ಮುಖ್ಯ ತೀರ್ಪುಗಾರ. ಯಾವ ವಿಮಾನದ ಮಾತೆತ್ತಿದರೂ “ನಾನು ಅಲ್ಲಿದ್ದೆ” ಎನ್ನುತ್ತಿದ್ದ.

ಹೆಸ್ಟರ್ ಸಂಘ ಸೇರಿ ಎರಡು ವರ್ಷ. ಅವಳ ಊರಿನಲ್ಲೇ ಒಂದು ಸಂಘವಿತ್ತು. ಅದನ್ನು ಬಿಟ್ಟು ಐವತ್ತು ಮೈಲಿ ಯಾಕೆ ಬರುತ್ತೀ ಎಂದು ಬೇಸಿಲ್ ಕೇಳಿದಾಗ, ಇಲ್ಲಿ ಚಹ ಚೆನ್ನಾಗಿದೆ ಎಂದಿದ್ದಳು. ಚಹ ಹೊಲಸಾಗಿತ್ತು.

ರಡ್ಜ್ ಹೆಬ್ಬೆರಳನ್ನು ನೆಕ್ಕಿ ರೆಕ್ಕೆಯ ಮೇಲಿನ ಧೂಳು ಒರೆಸಿದ. ಮೂರು ತಿಂಗಳು ಉಜ್ಜಿ ಉಜ್ಜಿ ನುಣುಪು ಮಾಡಿದ ಬಣ್ಣದ ಮೇಲೆ ಎಂಜಲು ಮಿನುಗಿತು. ಹೆಸ್ಟರ್ ಮುಖ ತಿರುಗಿಸಿದಳು.

“ಬಣ್ಣಾನೂ ತಪ್ಪು, ಮಗು. ಆಗಿನ ಬೆಳ್ಳಿ ಬಣ್ಣ ಇಷ್ಟು ಹೊಳೀತಿರಲಿಲ್ಲ.” ಅವನು ಕಾರ್ಡನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದ. ಮೀಸೆಯಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿಕೊಂಡಿತ್ತು. ಎಲ್ಲರಿಗೂ ಕೇಳುವಂತೆ ಓದತೊಡಗಿದ.

‘ಶ್ರೈಕ್. ಒಂಟಿ ಎಂಜಿನ್ನಿನ ಯುದ್ಧವಿಮಾನ. ೧೯೫೯ರ ನವೆಂಬರಿನಲ್ಲಿ ಗ್ರೇವಿಕ್ ನೆಲೆಯಿಂದ ಮಂಜಿನಲ್ಲಿ ಮೇಲೆದ್ದು ಸಮುದ್ರಕ್ಕೆ ಬಿತ್ತು. ಪೈಲಟ್ ಐವರ್ ಟಾನ್ಸ್ಲಿ ಸತ್ತ. ಅವನು ಕುಡಿದಿದ್ದ ಎಂಬ ಸಾಕ್ಷಿ ಸುಳ್ಳೆಂದು ತನಿಖೆಯಲ್ಲಿ ತೀರ್ಮಾನವಾಯಿತು. ಮಂಜಿನ ವಿಷಯ ತಿಳಿದೂ ಹಾರಲು ಒಪ್ಪಿಗೆ ಕೊಟ್ಟ ಅಧಿಕಾರಿಯನ್ನು ಕೆಲಸದಿಂದ ತೆಗೆದರು.’

ಕೊನೆಯ ಸಾಲುಗಳಿಗೆ ಬರುವಾಗ ಅವನ ದನಿ ನಿಧಾನವಾಯಿತು. ಅಕ್ಷರ ಚಿಕ್ಕದಿದೆ ಎಂದುಕೊಂಡರು ಎಲ್ಲರೂ.

“ಇದೂ ತಪ್ಪು,” ಎಂದ. “ಟಾನ್ಸ್ಲಿ ಕುಡಿದಿದ್ದ.”

“ಯಾರು, ಕಾರ್ಡಿನವನಾ?” ಬೇಸಿಲ್ ಕೇಳಿದ. “ನೀನೇ ಸುರಿದುಕೊಟ್ಯೇನೋ?”

“ಕುಡಿದಿದ್ದ ಅಂದೆ. ಎಡಚ ಅವನು. ಗಡಿಯಾರಾನ ಬಲಗೈಗೆ ಕಟ್ತಿದ್ದ, ಮುಖ ಒಳಗಡೆ ಮಾಡಿ. ಆವತ್ತು ಟೈಮ್ ನೋಡೋಕೂ ಅವನ ಕೈ ನಿಲ್ತಿರಲಿಲ್ಲ.”

ನಗು ಜೋರಾಯಿತು. “ಅಲ್ಲೂ ಇದ್ನಂತೆ ನೋಡ್ರಪ್ಪ,” ಎಂದ ಬೇಸಿಲ್. “ನಾಳೆ ನನ್ನ ಕನಸಿನಲ್ಲೂ ಇದ್ದೆ ಅಂತಾನೆ.”

ಹೆಸ್ಟರ್ ನಗಲಿಲ್ಲ. ಕಾರ್ಡಿನಲ್ಲಿ ಗಡಿಯಾರದ ಮಾತಿರಲಿಲ್ಲ. ಎಡಗೈಯ ಮಾತೂ ಇರಲಿಲ್ಲ. ಎಷ್ಟು ಸಲೀಸಾಗಿ ಹೇಳುತ್ತಾನೆ, ಬಿಸ್ಕತ್ತು ಅಗಿಯುತ್ತ.

ರಡ್ಜ್ ಸುತ್ತ ನೋಡಿದ. ಆಮೇಲೆ ತಾನೂ ನಕ್ಕ, ಸ್ವಲ್ಪ ತಡವಾಗಿ. “ನಾನೂ ಒಂಚೂರು ಕಥೆ ಸೇರಿಸಿದೆ ಅಷ್ಟೆ.” ಜೇಬಿನಿಂದ ಪೆನ್ನು ತೆಗೆದು ಅವಳ ಮುಂದೆ ಹಿಡಿದ. “ನೋಡು ಮಗು, ಕೆಲಸ ಅಚ್ಚುಕಟ್ಟಾಗಿದೆ. ಬಹುಮಾನದ ಕಪ್ ನಿನಗೇ. ಆದರೆ ಆ ಕೊನೆ ಎರಡು ಸಾಲು ಹೊಡೆದುಹಾಕು. ನಂಬೋ ಹಾಗಿಲ್ಲ. ಮಂಜು ಕವಿದಿದೆ ಅಂತ ಗೊತ್ತಿದ್ದೂ ಯಾವ ಅಧಿಕಾರಿ ಕಳಿಸ್ತಾನೆ?”

ಅವಳು ಪೆನ್ನು ಮುಟ್ಟಲಿಲ್ಲ.

“ಹೊಡೆಯಲ್ಲ ಅಂದ್ರೆ ವಿಮಾನಾನ ಮೇಜಿಂದ ಇಳಿಸ್ತೀನಿ. ನಿಯಮ ನಿಯಮವೇ.”

“ಹೊಡೆದ್ಹಾಕಮ್ಮ,” ಬೇಸಿಲ್ ಮೆಲ್ಲಗೆ ಹೇಳಿದ. “ಎರಡು ಸಾಲಿಗೆ ಬೆಳ್ಳಿ ಕಪ್ ಬರುತ್ತೆ. ಇಲ್ಲದವನ ಮರ್ಯಾದೆ ಕಟ್ಕೊಂಡು ನಿನಗೇನು?”

ಹೆಸ್ಟರ್ ಪೆನ್ನು ತೆಗೆದುಕೊಂಡಳು. ಅವನ ಬೆವರಿಗೆ ಅದು ಬೆಚ್ಚಗೆ ಜಿಗುಟಾಗಿತ್ತು. ಇನ್ನೊಬ್ಬರ ಬಾಯಿಂದ ತೆಗೆದ ಚಮಚ ಹಿಡಿದಂತೆ ಒಂದು ಕ್ಷಣ ಹಿಡಿದಿದ್ದು, ಮೇಜಿನ ಅಂಚಿನಲ್ಲಿ ಇಟ್ಟುಬಿಟ್ಟಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡಳು, ಎರಡು ಸಲ.

“ಇಳಿಸಿ,” ಎಂದಳು.

ಬೇಸಿಲ್ ಲೋಟ ತೊಳೆಯುವುದನ್ನು ನಿಲ್ಲಿಸಿದ. ಎರಡು ವರ್ಷದಲ್ಲಿ ಅವಳ ಬಾಯಿಂದ ಹೌದು, ಇಲ್ಲ ಬಿಟ್ಟರೆ ಸಂಘದವರು ಕೇಳಿದ್ದು ಕಡಿಮೆ.

“ಇಳಿಸಿ, ಮಿಸ್ಟರ್ ರಡ್ಜ್. ನಿಯಮ ಮುರಿದಿದ್ದೀನಿ. ನಾನು ಕಲ್ಪಿಸಿ ಬರೆದಿದ್ದು ವಿಮಾನ, ತನಿಖೆಯ ತೀರ್ಪು, ಎರಡೇ. ಮಂಜೂ ನಿಜ, ಒಪ್ಪಿಗೆ ಕೊಟ್ಟ ನೀವೂ ನಿಜ. ಐವರ್ ಟಾನ್ಸ್ಲಿ ನಮ್ಮಮ್ಮನ ಅಪ್ಪ.”