ಹಳದಿ ಅಂಗಿಯವನು

ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಹಿಂದೆ ಮಾತ್ರ ಅವನಿದ್ದ.

ಹಲ್ಲಿನ ಡಾಕ್ಟರಮ್ಮ ತಿರುಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಸೈಕಲ್ಲಿನಿಂದ ಇಳಿದು ಓಟ ಶುರು ಮಾಡಿದಾಗಿನಿಂದ ಹಳದಿ ಅಂಗಿಯವನ ಹೆಜ್ಜೆಯ ಸದ್ದು ಬೆನ್ನಿಗೆ ಅಂಟಿಕೊಂಡಿತ್ತು. ಸೈಕಲ್ ಮೇಲೂ ಅವನು ಹೀಗೇ ಕಾಡಿದ್ದ. ಇವರು ಜೋರಾಗಿ ತುಳಿದರೆ ಹಿಂದೆ ಬೀಳುತ್ತಿದ್ದ. ಇವರು ಉಸ್ಸಪ್ಪಾ ಎನ್ನುವಷ್ಟರಲ್ಲಿ ಮತ್ತೆ ಹಾಜರು. ಒಮ್ಮೆ ದಾಟಿಹೋದನೆಂದರೆ ಕಥೆ ಮುಗಿದಂತೆಯೇ. ಬೆಳಿಗ್ಗೆ ಕೆರೆಯಲ್ಲಿ ಈಜುವಾಗ ಕುಡಿದ ನೀರು, ಸೈಕಲ್ ಸೀಟಿನ ಮೇಲೆ ಸವೆದ ಚರ್ಮ, ಎಲ್ಲವೂ ಮಣ್ಣುಪಾಲು.

ಬಿಸಿಲು ಹಂಚಿನ ಮೇಲಿಟ್ಟು ಹುರಿಯುವಂತಿತ್ತು. ಡಾಂಬರು ಮೆತ್ತಗಾಗಿ ಪ್ರತಿ ಹೆಜ್ಜೆಗೂ ಶೂ ಹಿಡಿದು ಬಿಡುತ್ತಿತ್ತು. ತಮಗಿಂತ ಗಟ್ಟಿಮುಟ್ಟಾದ ಗಂಡಸರನ್ನು ಆಂಬುಲೆನ್ಸಿಗೆ ಹತ್ತಿಸುವುದನ್ನು ಡಾಕ್ಟರಮ್ಮ ಕಣ್ಣಾರೆ ಕಂಡಿದ್ದರು. ಅವರಿಗೆ ಐವತ್ತು ದಾಟಿತ್ತು. ಈಜು, ಸೈಕಲ್, ಓಟ ಮೂರೂ ಸೇರಿದ ಈ ಸ್ಪರ್ಧೆಗೆ ಹೆಸರು ಕೊಟ್ಟ ದಿನವೇ ನಾದಿನಿ ಮನೆತುಂಬ ನೆಂಟರ ಎದುರು ಕೇಳಿದ್ದಳು:

"ಬಿಸಿಲಲ್ಲಿ ಒಣಗೋಕೆ ನೀವೇನು ಬಟ್ಟೆನಾ ಅತ್ತಿಗೆ?"

ಎಲ್ಲರೂ ನಕ್ಕಿದ್ದರು. ಗಂಡನೂ ನಕ್ಕಿದ್ದ, ಆಮೇಲೆ ಕೆಮ್ಮಿದ ಹಾಗೆ ಮಾಡಿದ್ದ. ಇಷ್ಟು ವರ್ಷ ಊರವರ ಬಾಯಿ ತೆರೆಸಿದ್ದೇನೆ, ಈ ಒಂದು ಬಾಯಿ ಮುಚ್ಚಿಸದೆ ಬಿಡುವುದಿಲ್ಲ ಎಂದು ಡಾಕ್ಟರಮ್ಮ ಅವತ್ತೇ ಹಲ್ಲು ಕಚ್ಚಿದ್ದರು.

ನೀರಿನ ಮೇಜು ಬಂತು. ಅಲ್ಲಿದ್ದವರೆಲ್ಲ ದಡಬಡನೆ ಎದ್ದು ಚಪ್ಪಾಳೆ ತಟ್ಟಿದರು.

"ಬನ್ನಿ ಡಾಕ್ಟ್ರಮ್ಮ! ನಿಮಗೋಸ್ಕರಾನೇ ಕಾಯ್ತಾ ಇದ್ವಿ!"

ಡಾಕ್ಟರಮ್ಮ ಒಂದು ಲೋಟ ಗಂಟಲಿಗೆ, ಒಂದು ಲೋಟ ನೆತ್ತಿಗೆ ಸುರಿದುಕೊಂಡರು. ಹಳದಿ ಅಂಗಿಯವನೂ ಬಂದು ಒಂದು ಗುಟುಕು ಕುಡಿದ. ಕುಡಿದವನೇ ಕೆನ್ನೆ ಹಿಡಿದುಕೊಂಡು ಒಂದು ಸುತ್ತು ಹಾಕಿಬಿಟ್ಟ.

ಡಾಕ್ಟರಮ್ಮನ ಕಣ್ಣು ಅರಳಿತು. "ಬಲಗಡೆ, ಕೆಳಗಿನ ದವಡೆ ಹಲ್ಲು. ತಣ್ಣಗಿರೋದು ತಾಗಿದ್ರೆ ಜೀವ ಹೋಗುತ್ತೆ. ಅಲ್ವಾ?"

"ಹೌದು ಮೇಡಂ," ಅವನು ನರಳಿದ. "ಇವತ್ತು ಮುಗಿದ ಮೇಲೆ ಒಂಚೂರು ನೋಡ್ತೀರಾ?"

"ನೀನು ನನ್ನ ಹಿಂದೇನೇ ಇದ್ರೆ ನೋಡ್ತೀನಿ. ದಾಟಿ ಹೋದ್ಯೋ, ಬೇರೆ ಡಾಕ್ಟರನ್ನ ಹುಡುಕ್ಕೋ."

"ನಿಮ್ಮನ್ನ ದಾಟೋ ಆಸೆ ನನಗೂ ಇಲ್ಲ ಮೇಡಂ. ಆದ್ರೆ ಏನ್ಮಾಡ್ಲಿ, ಓಡ್ಲೇಬೇಕಲ್ಲ."

ಎಂಥ ನಯವಂಚಕ ಎಂದುಕೊಂಡು ಡಾಕ್ಟರಮ್ಮ ಕಾಲು ಕಿತ್ತರು.

ತಿರುವಿನಲ್ಲಿ ಗಂಡ ಕೊಡೆ ಹಿಡಿದು ಕುಣಿಯುತ್ತಿದ್ದ. "ಹಿಂದೆ ನೋಡ್ಬೇಡ ಕಣೇ! ಬರ್ತಿದ್ದಾನೆ, ಬಂದ, ಬಂದೇಬಿಟ್ಟ!" ಆ ಕೊಡೆಯ ನೆರಳಿನಿಂದ ನಾದಿನಿ ಹೊರಗೆ ಹಾರಿದಳು. ಬೆಳಿಗ್ಗೆ ತಮಾಷೆ ನೋಡಲು ಬಂದವಳ ಗಂಟಲು ಈಗ ಕೂಗಿ ಕೂಗಿ ಕಟ್ಟಿತ್ತು. ಅತ್ತಿಗೆಯನ್ನು ಬಿಟ್ಟು ನೇರ ಹಳದಿ ಅಂಗಿಯವನ ಪಕ್ಕಕ್ಕೇ ಓಡಿದಳು.

"ಸ್ವಲ್ಪ ನಿಧಾನಕ್ಕೆ ಹೋಗಪ್ಪ! ನಿನ್ನ ತಾಯಿ ವಯಸ್ಸು ಅವರದ್ದು!"

"ಇದಕ್ಕಿಂತ ನಿಧಾನ ಆಗಲ್ಲ ಅಕ್ಕ," ಎಂದ ಅವನು.

"ಎಂಥ ಕಲ್ಲೆದೆಯವನೋ ನೀನು!" ನಾದಿನಿ ಕೈಲಿದ್ದ ಬೀಸಣಿಗೆಯನ್ನೇ ಅವನತ್ತ ಎಸೆದಳು. ಅವನು ಅದನ್ನು ಹಿಡಿದು ಗಾಳಿ ಹಾಕಿಕೊಳ್ಳುತ್ತಾ ಓಡಿದ.

ಕೊನೆಯ ಏರು. ಗುರಿಯ ಕಮಾನು ಕಾಣಿಸುತ್ತಿದ್ದಂತೆಯೇ ಡಾಕ್ಟರಮ್ಮನ ಎಡ ಮೀನಖಂಡ ಗಂಟು ಹಾಕಿಕೊಂಡಿತು. ಕುಂಟಿದರು, ನಡೆದರು, ಕಡೆಗೆ ರಸ್ತೆಯಂಚಿನ ಕಲ್ಲಿನ ಮೇಲೆ ಧೊಪ್ಪೆಂದು ಕುಳಿತುಬಿಟ್ಟರು. ಕಲ್ಲು ಕಾದ ಕಾವಲಿಯಾಗಿತ್ತು. ಆದರೂ ಏಳಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಬೆವರು ಯಾವುದು, ಅಳು ಯಾವುದು ಅವರಿಗೇ ತಿಳಿಯಲಿಲ್ಲ. ಹೆಜ್ಜೆ ಸದ್ದು ಹತ್ತಿರವಾಯಿತು. ಉದ್ದನೆಯ ನೆರಳೊಂದು ಅವರ ಪಾದದ ಮೇಲೆ ಬಿತ್ತು.

"ಹೋಗು," ಎಂದರು ಡಾಕ್ಟರಮ್ಮ. "ಹೋಗಿಬಿಡು. ನನ್ನಿಂದಾಗಲ್ಲ."

ನೆರಳು ಅಲ್ಲೇ ನಿಂತಿತು. ಹಳದಿ ಅಂಗಿಯವನು ಆಚೆ ಈಚೆ ನೋಡಿ ಮೊಣಕಾಲೂರಿದ.

"ನನ್ನ ಲೇಸ್ ಬಿಚ್ಕೊಂಡಿದೆ ಮೇಡಂ. ಕಟ್ಕೊಳ್ಳೋಕೆ ಸ್ವಲ್ಪ ಹೊತ್ತಾಗುತ್ತೆ."

ಡಾಕ್ಟರಮ್ಮ ಅವನ ಶೂ ನೋಡಿದರು. ಲೇಸು ಬಿಗಿಯಾಗಿಯೇ ಇತ್ತು. ಅವನು ಅದನ್ನು ಬಿಚ್ಚಿದ, ನಿಧಾನವಾಗಿ ಕಟ್ಟಿದ, ಸರಿಹೋಗಲಿಲ್ಲವೆಂಬಂತೆ ಮತ್ತೆ ಬಿಚ್ಚಿದ.

"ನಿನಗೆ ಇದರಿಂದ ತೊಂದರೆ ಆಗಲ್ವೇನೋ?"

"ಇನ್ನೊಂದು ಶೂ ಇದೆ ಮೇಡಂ. ಅದನ್ನೂ ಬಿಚ್ಚೋ ಹಾಗೆ ಮಾಡ್ಬೇಡಿ. ಏಳಿ."

ಡಾಕ್ಟರಮ್ಮನಿಗೆ ನಗು ಬಂತು. ನಗುತ್ತಲೇ ಮೀನಖಂಡಕ್ಕೆ ಎರಡು ಗುದ್ದು ಗುದ್ದಿ ಎದ್ದರು. ಒಂದು ಕಾಲು ಓಡುತ್ತಿತ್ತು, ಇನ್ನೊಂದನ್ನು ಎಳೆದುಕೊಂಡು ಹೋದರು. ಮೈಕಿನವನು ಕುರ್ಚಿ ಬೀಳಿಸಿಕೊಂಡು ಎದ್ದುನಿಂತ. "ಬಂದರು! ನಾವೆಲ್ಲ ಕಾಯುತ್ತಿದ್ದವರು ಬಂದರು!" ಗಂಡ ಕೊಡೆ ಬಿಸಾಕಿ ಓಡಿಬಂದ. ನಾದಿನಿ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಸುಮ್ಮನೆ ಅತ್ತಿಗೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

"ದಾಟೋಕೆ ಬಿಡಲಿಲ್ಲ ಕಣೇ ನೀನು, ಅವನನ್ನ ದಾಟೋಕೆ ಬಿಡಲೇ ಇಲ್ಲ!" ಗಂಡ ಹೇಳಿದ್ದನ್ನೇ ಹೇಳುತ್ತಿದ್ದ.

ಹಳದಿ ಅಂಗಿಯವನು ಅವರ ಹಿಂದೆಯೇ ಕಮಾನು ದಾಟಿ, ಸೊಂಟದ ವಾಕಿಟಾಕಿ ತೆಗೆದು ಬಾಯಿಗಿಟ್ಟುಕೊಂಡ: "ಕೊನೆಯವರೂ ಬಂದು ಮುಟ್ಟಿದ್ರು ಸಾರ್, ನಾನು ದಾಟಿ ಔಟ್ ಮಾಡೋಕೆ ಇನ್ಯಾರೂ ಇಲ್ಲ, ಗೆದ್ದವರೆಲ್ಲ ಊಟ ಮಾಡಿ ಮಲಗಿರ್ಬೇಕು, ಗಾಡಿಗಳಿಗೆ ರಸ್ತೆ ಬಿಟ್ಬಿಡಿ."