ಅರದ ಪುಡಿ

ಬೆಳ್ಳಿಯ ಪುಡಿಯಿರಬೇಕೆಂದು ಹೆಂಡತಿ ಡಬ್ಬಿಯ ಮುಚ್ಚಳ ತೆರೆದಳು. ಒಳಗಿದ್ದದ್ದು ತಿಳಿ ಗುಲಾಬಿ ಪುಡಿ, ದಿನಾ ಬೆಳಗ್ಗೆ ಗಂಡನ ಅಂಗೈಯಲ್ಲಿ ಕಾಣುವ ಮಾತ್ರೆಯ ಬಣ್ಣ. ಡಬ್ಬಿ ಹಿಡಿದೇ ಅವಳು ಗಂಡನತ್ತ ತಿರುಗಿದಳು.

ಅಕ್ಕಸಾಲಿಗ ಮೇಜಿನೆದುರು ಉಂಗುರ ಉಜ್ಜುತ್ತ ಕೂತಿದ್ದ. ಉಜ್ಜುವುದೆಂದರೆ ಹೆಸರಿಗೆ. ಒಂದು ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು, ನಿಮಿಷಕ್ಕೊಂದು ಆಕಳಿಕೆ, ಮೂಗು ಒರೆಸಿ ಒರೆಸಿ ಕೆಂಪು, ಸೆಖೆಯಲ್ಲೂ ತೋಳಿನ ರೋಮ ನೆಟ್ಟಗೆ. ಬೆನ್ನಿನ ಆಪರೇಷನ್ ಆಗಿ ಮೂರು ವರ್ಷ. ಅಂದಿನಿಂದಲೂ ಅಫೀಮಿನ ಜಾತಿಯ ನೋವಿನ ಮಾತ್ರೆ. ಗಾಯ ಎಂದೋ ಮಾಗಿದೆ ಎಂದಿದ್ದರು ಡಾಕ್ಟರಮ್ಮ. ಮಿದುಳು ತನ್ನ ನೋವಿಗೆ ತಾನೇ ಮದ್ದು ಅರೆದುಕೊಳ್ಳುತ್ತದಂತೆ. ಹೊರಗಿನಿಂದ ಪುಕ್ಕಟೆ ಬರತೊಡಗಿದರೆ ಆ ಕೆಲಸವನ್ನೇ ಮರೆತುಬಿಡುತ್ತದಂತೆ. ಮತ್ತೆ ಕಲಿಯಲು ತಿಂಗಳುಗಟ್ಟಲೆ ಬೇಕು, ಚೂರುಚೂರೇ ಇಳಿಸಿ ಎಂದು ಹೇಳಿ ಕಳಿಸಿದ್ದರು.

ಇಳಿಸುವುದನ್ನೂ ಅವನು ತನ್ನ ಕಸುಬಿನಂತೆಯೇ ಮಾಡಿದ. ದಿನಾ ಮಾತ್ರೆಯನ್ನು ಅರದಿಂದ ತೀಡಿ, ಚಿನ್ನದ ತಕ್ಕಡಿಯಲ್ಲಿ ತೂಗಿ, ತೀಡಿದ್ದೆಷ್ಟು ಉಳಿದದ್ದೆಷ್ಟು ಎಂದು ಚೀಟಿಯಲ್ಲಿ ಬರೆದಿಟ್ಟು ನುಂಗುತ್ತಿದ್ದ. ನಾಲ್ಕು ತಿಂಗಳಲ್ಲಿ ಮಾತ್ರೆ ಅರ್ಧಕ್ಕಿಳಿದಿತ್ತು. ಹೆಂಡತಿ ತವರಿಗೆಲ್ಲ ಹೇಳಿಕೊಂಡು ಬೀಗಿದ್ದಳು, ಪಾಪ. ತೀಡಿದ ಪುಡಿ ಎಲ್ಲಿ ಹೋಯಿತೆಂದು ಮಾತ್ರ ಕೇಳಿರಲಿಲ್ಲ. ಪುಡಿ ಬಿಸಾಡುವ ಅಕ್ಕಸಾಲಿಗನನ್ನು ಯಾರಾದರೂ ಕಂಡಿದ್ದಾರೆಯೇ?

"ಇದನ್ನ ಯಾಕ್ರೀ ಇಟ್ಕೊಂಡಿದೀರಾ?"

"ಕೈ ಅಭ್ಯಾಸ ಕಣೇ. ಒಂದು ಕಾಳಷ್ಟೂ ಮುಟ್ಟಿಲ್ಲ."

ಅವಳು ನಂಬಲಿಲ್ಲ. ಡಬ್ಬಿಯನ್ನು ತಕ್ಕಡಿಗೆ ಸುರಿದು, ಚೀಟಿಯ ಲೆಕ್ಕ ಪಕ್ಕದಲ್ಲಿಟ್ಟುಕೊಂಡು ತೂಗಿದಳು. ಕೂದಲೆಳೆಯಷ್ಟೂ ಕಡಿಮೆಯಿರಲಿಲ್ಲ. ಅನುಮಾನಪಟ್ಟದ್ದಕ್ಕೆ ನಾಚಿಕೆಯಾಗಿ, ಕಣ್ಣು ತುಂಬಿಕೊಂಡು ನಕ್ಕುಬಿಟ್ಟಳು.

"ಸರಿಯಾಗಿದೆ ತಾನೆ?" ಎಂದ ಅವನು, ತಲೆ ಎತ್ತದೆ. "ನಾನೂ ತೂಗ್ತಾನೇ ಇರ್ತೀನಿ. ದಿನಕ್ಕೆ ಹತ್ತು ಸಲ."

ಅವಳ ನಗು ಅಲ್ಲಿಗೇ ನಿಂತಿತು. ಹಾಗಾದರೆ ನೀರಿಗೆ ಸುರಿದುಬಿಡಲೇ ಎಂದು ಕೇಳಿದಳು. ಸುರಿ ಎಂದ. ಮನಸಾರೆ ಹೇಳಿದ್ದ, ಅದರಲ್ಲಿ ಸುಳ್ಳಿರಲಿಲ್ಲ.

ಪುಡಿಯನ್ನು ಮತ್ತೆ ಡಬ್ಬಿಗೆ ತುಂಬಿ ಅವಳು ಮೂಲೆಯ ನಲ್ಲಿಯತ್ತ ನಾಲ್ಕು ಹೆಜ್ಜೆ ಇಟ್ಟಿದ್ದಳಷ್ಟೇ. ಅವನ ಕೈ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಹಿಂದೆ ಕುರ್ಚಿ ಮಗುಚಿ ಬಿದ್ದಿತ್ತು. ಈ ಮೂರು ವರ್ಷದಲ್ಲಿ ಅವಳ ಹೆಗಲಿನ ಆಸರೆಯಿಲ್ಲದೆ ಅವನು ಒಮ್ಮೆಯೂ ಆ ಕುರ್ಚಿಯಿಂದ ಎದ್ದವನಲ್ಲ.

ಇಬ್ಬರೂ ಕುರ್ಚಿಯನ್ನೇ ನೋಡಿದರು.

"ನಾನು ಯಾವಾಗ ಎದ್ದೆ?" ಎಂದು ಅವನು ಅವಳನ್ನು ಕೇಳಿದ.