ಕೂದಲು ಮಾತಾಡಿದ ದಿನ

ಖಾನಾವಳಿಯ ಮಾಲೀಕನನ್ನು ಕೊಂದಳೆಂದು ಗಂಗವ್ವ ಜೈಲು ಸೇರಿ ವರ್ಷಗಳಾಗಿದ್ದವು. ಸತ್ತವನ ಮುಷ್ಟಿಯಲ್ಲಿದ್ದ ಉದ್ದನೆಯ ಕೂದಲು ಅಲ್ಲಿ ಅಡುಗೆ ಮಾಡುತ್ತಿದ್ದ ಅವಳದೇ ಎಂದು ಎಲ್ಲರೂ ನಂಬಿದ್ದರು. ಮಗಳು ಸಾವಂತ್ರಿ ಕೂಡ ನಂಬಿದ್ದಳು.

ಈಗ ಜಿಲ್ಲಾ ಕೋರ್ಟಿಗೂ ಡಿಎನ್‌ಎ ಯಂತ್ರ ಬಂದಿತ್ತು. ಅದರೊಳಗಿಟ್ಟ ಕೂದಲು, ತಾನು ಯಾರ ತಲೆಯದೋ ಅವರ ದನಿಯಲ್ಲೇ ಮಾತಾಡುತ್ತಿತ್ತು. ಗುಮಾಸ್ತ ಆಕಳಿಸುತ್ತ ಮೊದಲು ಗಂಗವ್ವನ ತಲೆಯಿಂದ ಒಂದು ಎಳೆ ಕಿತ್ತು ಇಟ್ಟ.

“ಜೈಲಿನ್ಯಾಗ ಒಂದು ಹನಿ ಎಣ್ಣಿ ಕಂಡಿಲ್ರೀ ಸಾಹೇಬ್ರ!” ಎಂದು ಕೂದಲು ಅವಳದೇ ದನಿಯಲ್ಲಿ ದೂರಿತು.

“ಬಾಯಿ ಮುಚ್ಚು, ಮಾನ ಕಳೀಬ್ಯಾಡ,” ಎಂದು ಗಂಗವ್ವ ಅದನ್ನು ಗದರಿದಳು. ಜಡ್ಜ್ ಸಾಹೇಬರಿಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಸತ್ತವನ ಮುಷ್ಟಿಯಲ್ಲಿ ಸಿಕ್ಕಿದ್ದ ಆ ಹಳೆಯ ಕೂದಲನ್ನಿಟ್ಟರು. “ಬಣ್ಣ ಹಚ್ಚಬ್ಯಾಡ ಅಂದ್ರ ಈ ಮನಷ್ಯಾ ಕೇಳಂಗೇ ಇಲ್ಲ,” ಎಂದಿತು ಒಂದು ದಪ್ಪ ಗಂಡುದನಿ. ಎಲ್ಲರಿಗೂ ಗುರುತಿನ ದನಿ ಅದು. ಗಂಗವ್ವನ ವಿರುದ್ಧ ಸಾಕ್ಷಿ ಹೇಳಿದ್ದ ಮಾಲೀಕನ ತಮ್ಮ, ಹೆಗಲಿಗಿಳಿದ ಕರಿಗೂದಲನ್ನು ಮುಚ್ಚಿಕೊಳ್ಳುತ್ತ ಬಾಗಿಲತ್ತ ಸರಿದ. ಪೊಲೀಸರು ಅಲ್ಲೇ ಹಿಡಿದರು.

ಗಂಗವ್ವ ಬಿಡುಗಡೆಯಾಗಿ ಕೋರ್ಟಿನಿಂದ ಹೊರಬಂದರೆ ಬೇವಿನ ಮರದಡಿ ಸಾವಂತ್ರಿ ತಲೆ ತಗ್ಗಿಸಿ ನಿಂತಿದ್ದಳು. ಒಮ್ಮೆಯೂ ಜೈಲಿಗೆ ಬಂದು ತಾಯಿಯನ್ನು ನೋಡದವಳು ಸೆರಗಿನ ತುದಿ ತಿರುಚುತ್ತಿದ್ದಳು. ಗಂಗವ್ವ ಮಗಳ ತಲೆಯತ್ತ ಕೈ ಚಾಚಿದಳು.

“ಹಿಂಗ ಸುಮ್ಮನ ನಿಂತ್ರ ಒಂದು ಎಳಿ ಕಿತ್ತು ಒಳಗ ಒಯ್ತೀನಿ ನೋಡು. ಅದೇ ಎಲ್ಲಾ ಹೇಳ್ತೈತಿ.”

“ಬ್ಯಾಡಬೇ ಯವ್ವಾ, ನಾನೇ ಹೇಳ್ತೀನಿ!” ಎಂದು ಸಾವಂತ್ರಿ ನಗುತ್ತಲೇ ಬಿಕ್ಕಿ ತಾಯಿಯ ಹೆಗಲಿಗೆ ಒರಗಿದಳು.